ಕೈ ಎತ್ತಿದ್ದು ಕಾಣಿಸಿತ್ತು

ಮಾರ್ಚ್ ೪

ಗಿಡ್ಡಾ,

ನೀನು ನಾಲ್ಕು ಸಲ ಫೋನ್ ಮಾಡಿದೆ. ನಾನು ಎತ್ತಲಿಲ್ಲ, ಇನ್ನು ಮುಂದೆಯೂ ಎತ್ತುವುದಿಲ್ಲ. ಈಗ ಮೂರು ಮಾತಾಡಿದರೆ ನಾಲ್ಕನೆಯದಕ್ಕೆ ಉಸಿರು ಎಳೆದುಕೊಳ್ಳಬೇಕು. ಆ ಸಂದಿಯಲ್ಲಿ ನೀನು 'ನೋಡು, ಇದನ್ನೇ ನಾನು ಹೇಳಿದ್ದು' ಅನ್ನುತ್ತೀಯ. ಆ ಸುಖ ನಿನಗೆ ಕೊಡುವವನಲ್ಲ ನಾನು. ಕಾಗದದಲ್ಲಿ ಬೈಯಲು ಪೆನ್ನು ಸಾಕು.

ನನ್ನನ್ನು ಕ್ರೇನಿನಿಂದ ಇಳಿಸಿ ಇವತ್ತಿಗೆ ಹತ್ತು ದಿನ. ಸೇಫ್ಟಿ ಆಫೀಸರು ಕರೆಸಿದ. ನನ್ನ ಮಗಳಿಗಿಂತ ಚಿಕ್ಕವನು. 'ನಿಮ್ಮ ಆರೋಗ್ಯದ ಬಗ್ಗೆ ದೂರು ಬಂದಿದೆ. ಡಾಕ್ಟರು ಸರಿ ಅನ್ನೋ ತನಕ ಮೇಲೆ ಹತ್ತೋ ಹಾಗಿಲ್ಲ' ಎಂದು ನನ್ನ ಲೈಸೆನ್ಸನ್ನು ಡ್ರಾಯರಿನೊಳಗೆ ಹಾಕಿಕೊಂಡ. ದೂರು ಯಾರದು ಅಂದರೆ ಬಾಯಿ ಬಿಡಲಿಲ್ಲ. ನಿನ್ನೆ ಆಫೀಸಿನ ಟೈಪಿಸ್ಟಮ್ಮ ಬಸ್ ಸ್ಟಾಪಿನಲ್ಲಿ ಸಿಕ್ಕಿ ಹೇಳಿದಳು. ಎರಡು ಪುಟ, ನೀಲಿ ಶಾಯಿ, ಪ್ರತಿ ಸಾಲೂ ಬಲಕ್ಕೆ ಇಳಿಜಾರು. ಇಡೀ ಹಡಗು ಯಾರ್ಡಿನಲ್ಲಿ ಹಾಗೆ ಬರೆಯುವವನು ಒಬ್ಬನೇ.

ಇಪ್ಪತ್ತೆರಡು ವರ್ಷ ನಿನ್ನ ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ ಆಡಿಸಿದ್ದೇನೆ. ಹಡಗಿನ ಒಳಗೆ ಇಂಜಿನ್ ಇಳಿಸುವಾಗ ನನಗೆ ಹಡಗು ಕಾಣುವುದಿಲ್ಲ, ಕೆಳಗಿನಿಂದ ಸನ್ನೆ ಮಾಡುವ ನಿನ್ನ ಕೈ ಕಾಣುತ್ತದೆ. ಅಷ್ಟು ಸಾಕಿತ್ತು ನನಗೆ. ಆ ಕೈಯಲ್ಲೇ ನನ್ನ ಹೊಟ್ಟೆಗೆ ಇರಿದೆಯಲ್ಲ.

ನನ್ನನ್ನು ಇಳಿಸಿದ ವಾರದಲ್ಲೇ ನಿನಗೆ ಆ ಹೊಸ ಯಾರ್ಡಿನಲ್ಲಿ ಸೂಪರ್‌ವೈಸರ್ ಬಡ್ತಿ ಬಂತು. ಪೆಟ್ಟಿಗೆ ಕಟ್ಟಿಕೊಂಡು ಹೊರಟೂ ಬಿಟ್ಟೆ. ಇದಕ್ಕೆ ಏನೆನ್ನುತ್ತಾರೆ ಎಂದು ನಿನಗೆ ಗೊತ್ತು, ನಾನು ಬರೆಯುವುದಿಲ್ಲ.

ಯಾರ್ಡಿನ ಡಾಕ್ಟರು ನನ್ನ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಮುಖ ಸಣ್ಣದು ಮಾಡಿಕೊಂಡು, ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಚೀಟಿ ಜೇಬಿನಲ್ಲಿದೆ. ಅಲ್ಲೇ ಇರಲಿ. ನನಗೆ ಗ್ಯಾಸು, ಅಷ್ಟೇ.

ಇನ್ನು ನಿನಗೆ ಯಾರೂ ಅಲ್ಲದ,
ಹದ್ದು


ಮಾರ್ಚ್ ೧೨

ಹದ್ದೇ,

ಹೌದು, ನಾನೇ ಬರೆದುಕೊಟ್ಟದ್ದು. ಹೆಸರು ಹಾಕಿ, ತಾರೀಕು ಹಾಕಿ, ಕೆಳಗೆ ಸಹಿ ಹಾಕಿ ಕೊಟ್ಟಿದ್ದೇನೆ. ಅದನ್ನು ಮುಚ್ಚಿಟ್ಟದ್ದು ಆಫೀಸಿನವರು, ನಾನಲ್ಲ.

ಮೊದಲು ಬಡ್ತಿಯ ಮಾತು. ಆ ಅರ್ಜಿ ಹೋದ ವರ್ಷ ಜೂನಿನಲ್ಲಿ ಹಾಕಿದ್ದು. ಫಾರಂ ತುಂಬಿದ್ದು ನೀನೇ, ನಿನ್ನ ಮನೆಯ ಊಟದ ಮೇಜಿನ ಮೇಲೆ. ವಿದ್ಯಾರ್ಹತೆ ಎಂಬ ಜಾಗದಲ್ಲಿ ತಮಾಷೆಗೆ 'ಕೈಸನ್ನೆ' ಎಂದು ಪೆನ್ಸಿಲಿನಲ್ಲಿ ಬರೆದು ನಕ್ಕಿದ್ದೂ ನೀನೇ. ಆದೇಶ ಆ ವಾರವೇ ಬಂದದ್ದು ನನ್ನ ಹಣೆಬರಹ. ನಂಬಿದರೆ ನಂಬು, ಬಿಟ್ಟರೆ ಬಿಡು.

ಈಗ ನೀನು ಬರೆಯದೆ ಬಿಟ್ಟಿರುವ ಮಾತು. ಫೆಬ್ರವರಿ ಹದಿನೆಂಟು, ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಪೈಪಿನ ಕಟ್ಟು ಕೆಳಗೆ ಇಳಿಯುತ್ತಿತ್ತು. ಬಣ್ಣ ಬಳಿಯುವ ಹೆಂಗಸು ಮರೆತಿದ್ದ ಡಬ್ಬಿ ಎತ್ತಿಕೊಳ್ಳಲು ಹಗ್ಗ ದಾಟಿ ಒಳಗೆ ಬಂದಳು. ನಾನು ಕೈ ಎತ್ತಿ ಮುಷ್ಟಿ ಹಿಡಿದೆ. ನಿಲ್ಲಿಸು ಎಂದರೆ ನಿಲ್ಲಿಸು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮುಷ್ಟಿ ಮುಚ್ಚುವುದಕ್ಕೂ ನಿನ್ನ ಕ್ರೇನು ನಿಲ್ಲುವುದಕ್ಕೂ ನಡುವೆ ಒಂದು ಗುಟುಕು ಉಗುಳು ನುಂಗುವಷ್ಟು ಹೊತ್ತು ಹೋದದ್ದಿಲ್ಲ. ಅವತ್ತು ಒಂದು ಎಣಿಸಿದೆ, ಎರಡು, ಮೂರು. ಐದಕ್ಕೆ ಓಡಿ ಅವಳ ಕಾಲರ್ ಹಿಡಿದು ಎಳೆದು ಇಬ್ಬರೂ ಬಿದ್ದೆವು. ಪೈಪು ಅವಳು ನಿಂತಿದ್ದ ಜಾಗದಲ್ಲೇ ಕೂತವು. ಡಬ್ಬಿ ರೊಟ್ಟಿಯ ಹಾಗೆ ಆಗಿತ್ತು. ಅವಳು ಬೇರೇನೂ ಕೇಳಲಿಲ್ಲ. 'ನನ್ನ ಚಪ್ಪಲಿ ಎಲ್ಲಿ?' ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ನೀನು ಇಳಿದು ಬರಲು ಇಪ್ಪತ್ತು ನಿಮಿಷ ತೆಗೆದುಕೊಂಡೆ. ಮುಖ ಬೂದಿ, ಅಂಗಿ ಒದ್ದೆ. ಬಂದವನು ಎಲ್ಲರ ಎದುರಿಗೆ 'ಬ್ರೇಕ್ ಜಾರಿತು' ಅಂದೆ.

ಮಾರನೆಯ ದಿನ ಬ್ರೇಕ್ ಮೆಕ್ಯಾನಿಕ್ಕನ್ನು ಸಸ್ಪೆಂಡ್ ಮಾಡಿದರು. ಬ್ರೇಕ್ ಬಿಚ್ಚಿ ನೋಡಿ, ಸ್ವಲ್ಪ ಸವೆದಿದೆ ಎಂದರಂತೆ. ಆ ಯಾರ್ಡಿನಲ್ಲಿ ಸವೆಯದ ಬ್ರೇಕ್ ಯಾವುದಿದೆ? ಅದಕ್ಕೇ ನಾನು ಬರೆದುಕೊಟ್ಟೆ. ಬ್ರೇಕಿನ ತಪ್ಪಲ್ಲ, ನಡೆಸುವವನಿಗೆ ಉಸಿರಿಲ್ಲ ಎಂದು. ಅವರು ನನ್ನ ಮಾತಿನಲ್ಲಿ ಅರ್ಧ ನಂಬಿದರು. ನಿನ್ನನ್ನು ಇಳಿಸಿದರು, ಆ ಮೆಕ್ಯಾನಿಕ್ಕನ್ನು ವಾಪಸು ಕರೆಯಲಿಲ್ಲ.

ಮುಖಕ್ಕೆ ಹೇಳಲಿಲ್ಲ ಎಂದು ಮಾತ್ರ ಅನ್ನಬೇಡ. ಜನವರಿಯಲ್ಲಿ ನೀನು ಎದೆ ಹಿಡಿದುಕೊಂಡು ಕೂತಾಗ ಹೇಳಿದೆ, ನೀನು ಸೋಡಾ ಕುಡಿದೆ. ಕ್ರೇನಿನ ಏಣಿಯ ಮೊದಲ ಅಟ್ಟಣೆಯಲ್ಲೇ ಕೂತು ಕೆಮ್ಮಿ ನೊರೆ ಉಗಿದಾಗ ಹೇಳಿದೆ, ಧೂಳು ಅಂದೆ. ಪಾದ ಊದಿ ಬೂಟಿನ ಲೇಸು ಬಿಚ್ಚಿಕೊಂಡೇ ನಡೆಯುತ್ತಿದ್ದಾಗ ಹೇಳಿದೆ, 'ಬೂಟು ಚಿಕ್ಕದು ಕಣೋ' ಅಂದೆ. ನಲವತ್ತು ದಾಟಿದ ಮೇಲೆ ಯಾರ ಪಾದವೂ ಬೆಳೆಯುವುದಿಲ್ಲ, ಹದ್ದೇ.

ಚೀಟಿ ಜೇಬಿನಿಂದ ತೆಗೆ.

ಗಿಡ್ಡ


ಮಾರ್ಚ್ ೨೦

ಬ್ರೇಕ್ ಜಾರಿದ್ದೇ ನಿಜ. ನನ್ನ ಯಂತ್ರ ನನಗೆ ಗೊತ್ತು. ನೆಲದ ಮೇಲೆ ನಿಂತು ಕೈಬೀಸುವವನು ಕ್ಯಾಬಿನ್ನಿನ ಒಳಗಿನದನ್ನು ನನಗೆ ಹೇಳಿಕೊಡಬೇಕಾಗಿಲ್ಲ. ಯೂನಿಯನ್ನಿಗೆ ಹೋಗಿ ನನ್ನ ಲೈಸೆನ್ಸ್ ವಾಪಸು ತರುತ್ತೇನೆ.

ಇನ್ನು ಬರೆಯಬೇಡ. ಬರೆದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ಹದ್ದು


ಏಪ್ರಿಲ್ ೯

ಇಷ್ಟು ವರ್ಷ ನಿಮಗೆ ತಮ್ಮಾ ಅನ್ನುತ್ತಿದ್ದೆ, ನೀನು ಅನ್ನುತ್ತಿದ್ದೆ. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ.

ನಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದಾರೆ. ಹೋದ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಯೂನಿಯನ್ ಆಫೀಸಿಗೆ ಹೊರಟರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಕಟ್ಟಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಕೊಳಾಯಿಯಲ್ಲಿ ಗಾಳಿ ಸಿಕ್ಕಿಕೊಂಡಾಗ ಆಗುತ್ತದಲ್ಲ, ಅಂಥ ಸದ್ದು ಇವರ ಎದೆಯೊಳಗಿಂದ ಬರುತ್ತಿತ್ತು. ನಾನು ಹಿಡಿದು ಎತ್ತಿದರೆ ಗಲ್ಲದ ಮೇಲೆ ನಸುಗೆಂಪು ನೊರೆ. ಕಣ್ಣು ನನ್ನನ್ನೇ ನೋಡುತ್ತಿತ್ತು, ಮಾತಿಲ್ಲ. ನೆಲದ ಮೇಲೆ ಕೂತವರು ಒಣ ನೆಲದಲ್ಲೇ ಮುಳುಗುತ್ತಿದ್ದರು.

ಡಾಕ್ಟರಮ್ಮ ಆಮೇಲೆ ಕೂರಿಸಿಕೊಂಡು ಹೇಳಿದರು. ಹೃದಯಕ್ಕೇ ರಕ್ತ ಕೊಡುವ ನಾಳ ಒಂದು ಕಟ್ಟಿಕೊಂಡು, ಎರಡು ಮೂರು ತಿಂಗಳ ಹಿಂದೆಯೇ ಹೃದಯಾಘಾತ ಆಗಿ ಹೋಗಿದೆಯಂತೆ. ಹೃದಯದ ಒಂದು ಕಡೆಯ ಗೋಡೆ ಸರಿಯಾಗಿ ಅಲುಗಾಡುವುದಿಲ್ಲ. ಬಂದ ರಕ್ತವನ್ನು ಪೂರ್ತಿ ಮುಂದೆ ತಳ್ಳಲಾರದೆ ಹಿಂದಕ್ಕೆ ಒತ್ತಡ ಬಿದ್ದು, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿದೆ. ಹೃದಯದ ಸುತ್ತಲೂ ಸ್ವಲ್ಪ ಇದೆ. 'ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ವಾ?' ಎಂದು ಕೇಳಿದರು. ಅವರು ಬೈಯುವ ದನಿಯಲ್ಲಿ ಕೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಟ್ಟೆ ಅಂಗಡಿಯಲ್ಲಿ ಕೂತು ದಿನಕ್ಕೆ ಮೂವತ್ತು ಜನರ ಬಟ್ಟೆ ಬಿಗಿ ಸಡಿಲ ಮಾಡಿಕೊಡುವವಳು ನಾನು. ಇವರ ಪ್ಯಾಂಟಿನ ಸೊಂಟವನ್ನು ಎರಡು ತಿಂಗಳಲ್ಲಿ ಎರಡು ಸಲ ಬಿಚ್ಚಿ ಸಡಿಲ ಮಾಡಿದೆ. ಸಾಹೇಬರಿಗೆ ಹೊಟ್ಟೆ ಬಂತು ಎಂದು ನಗಾಡಿದೆ. ಹೊಟ್ಟೆ ಅಲ್ಲ ಅದು, ನೀರು. ಮಲಗುವುದನ್ನು ಬಿಟ್ಟು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದರು. ಬೆನ್ನು ನೋವು ಅಂದರು, ನಂಬಿದೆ.

ನನ್ನ ತಪ್ಪು ನನಗಿರಲಿ. ಈಗ ನಿಮ್ಮದು ಹೇಳಿ. ಇವರು ನಿಮ್ಮ ಕಾಗದವನ್ನು ಒಲೆಗೆ ಹಾಕುತ್ತೇನೆ ಅನ್ನುತ್ತಿದ್ದರು, ಹಾಕಿರಲಿಲ್ಲ, ಬೀರುವಿನಲ್ಲಿಟ್ಟಿದ್ದರು. ಓದಿದೆ. ಜನವರಿಯಿಂದ ನೋಡುತ್ತಿದ್ದಿರಿ. ವಾರಕ್ಕೆ ಎರಡು ದಿನ ನಮ್ಮ ಮನೆಯಲ್ಲಿ ಊಟ ಮಾಡಿ, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಿರಿ. ಆಫೀಸಿಗೆ ಎರಡು ಪುಟ ಬರೆಯಲು ಬಂತು. ಅಡುಗೆಮನೆಯಲ್ಲಿ ನಿಂತು ನನಗೆ ಒಂದು ಮಾತು ಹೇಳಲು ಬರಲಿಲ್ಲವೇ? ನಿಮ್ಮಿಬ್ಬರ ಸ್ನೇಹ ದೊಡ್ಡದು, ನಾನು ಹೊರಗಿನವಳು. ಆದರೆ ಆ ನೊರೆ ಒರೆಸಿದ್ದು ಹೊರಗಿನವಳೇ.

ಇಂಜೆಕ್ಷನ್ ಕೊಟ್ಟು ಮೊದಲ ದಿನವೇ ಮೂರು ಲೀಟರು ನೀರು ಇಳಿಸಿದ್ದಾರೆ. ಬದುಕುತ್ತಾರೆ ಎಂದು ಹೇಳಿದ್ದಾರೆ. ನಿಮಗೆ ತಿಳಿಸಬೇಕು ಅನ್ನಿಸಿತು, ತಿಳಿಸಿದ್ದೇನೆ.

ನಿಮ್ಮ ಸ್ನೇಹಿತರ ಹೆಂಡತಿ


ಏಪ್ರಿಲ್ ೧೭

ಅಕ್ಕಾ,

'ಅವಳಿಗೆ ಹೇಳಿದರೆ ಇನ್ನು ನನ್ನ ಮುಖ ನೋಡಬೇಡ' ಎಂದು ಹದ್ದು ಹೇಳಿದ್ದ. ಅವನ ಮಾತಿಗೆ ಹೆದರಿ ಸುಮ್ಮನಿದ್ದೆ. ಹೇಳಿಕೊಳ್ಳಲು ಇಷ್ಟೇ ಇರುವುದು, ಇದು ಸಾಲದು ಎಂದು ನನಗೂ ಗೊತ್ತು.

ನಿಮ್ಮ ಕಾಗದ ಬಂದ ದಿನವೇ ಬಸ್ ಹತ್ತಿ ಬಂದಿದ್ದೆ. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ತಡೆದು 'ಸಂಬಂಧಿಕರನ್ನ ಮಾತ್ರ ಬಿಡೋದು. ನೀವು ಏನಾಗಬೇಕು?' ಅಂದರು. ಗಾಜಿನಲ್ಲಿ ಅವನ ಕಾಲು ಕಾಣುತ್ತಿತ್ತು, ಊತ ಇಳಿದು ಚರ್ಮ ಸುಕ್ಕಾಗಿತ್ತು. ನೀವು ಬೆನ್ನು ಮಾಡಿಕೊಂಡು ಲೋಟದಲ್ಲಿ ನೀರು ಅಳೆಯುತ್ತಿದ್ದಿರಿ. 'ಏನೂ ಆಗಬೇಕಿಲ್ಲ' ಎಂದು ಹೇಳಿ ಹೊರಟು ಬಂದೆ.

ಬೈಯಿರಿ. ಎಷ್ಟು ಬೈದರೂ ನ್ಯಾಯವೇ.

ಗಿಡ್ಡ


ಮೇ ೬

ಗಿಡ್ಡಾ,

ಮನೆಗೆ ಬಂದು ಎರಡು ವಾರವಾಯಿತು. ನಾಳಕ್ಕೆ ಸ್ಪ್ರಿಂಗಿನಂಥದ್ದು ಒಂದು ಹಾಕಿ ಬಾಯಿ ಬಿಡಿಸಿದ್ದಾರೆ. ಆದರೆ ಸತ್ತ ಗೋಡೆ ಸತ್ತದ್ದೇ. ದಿನಕ್ಕೆ ಒಂದೂವರೆ ಲೀಟರು ನೀರು, ಅದಕ್ಕಿಂತ ಒಂದು ಗುಟುಕು ಹೆಚ್ಚಿಲ್ಲ. ಉಪ್ಪಿಲ್ಲ. ಬೆಳಿಗ್ಗೆ ಎದ್ದರೆ ಇವಳು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾಳೆ. ಎರಡು ದಿನದಲ್ಲಿ ಎರಡು ಕೆಜಿ ಏರಿದರೆ ನೀರು ತುಂಬುತ್ತಿದೆ ಎಂದು ಅರ್ಥ. ಸರಕಿನ ಹಾಗೆ ದಿನಾ ತೂಗಿಸಿಕೊಳ್ಳುತ್ತಿದ್ದೇನೆ. ಅವಳು ನನ್ನ ಜೊತೆ ಮಾತಾಡುವುದು ಅಳತೆ ಹೇಳಲು ಮಾತ್ರ. 'ಅರವತ್ತೆಂಟು ನಾನೂರು. ಇಳೀರಿ.' ಅಷ್ಟೇ ನಮ್ಮ ಸಂಸಾರ ಈಗ.

ಡಾಕ್ಟರಮ್ಮ ಪರದೆಯ ಮೇಲೆ ನನ್ನ ಹೃದಯ ತೋರಿಸಿದರು. ಪಂಪಿನ ಕೆಲಸ ನನಗೇನೂ ಹೊಸದಲ್ಲ. ಒಂದು ಪಕ್ಕ ಎತ್ತುವುದೇ ಇಲ್ಲ, ಸುಮ್ಮನೆ ನಡುಗುತ್ತದೆ. ನೋಡಿದ ಕೂಡಲೇ ಅನ್ನಿಸಿತು, ಇಂಥ ಪಂಪು ಇರುವ ಕ್ರೇನನ್ನು ನನಗೆ ಕೊಟ್ಟಿದ್ದರೆ ಹತ್ತುವುದಿರಲಿ, ಅದರ ನೆರಳಲ್ಲೂ ನಿಲ್ಲುತ್ತಿರಲಿಲ್ಲ. ಯಾರ್ಡನ್ನೇ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.

ಈಗ ಬರೆಯುವುದನ್ನು ಇನ್ನೊಬ್ಬರಿಗೆ ಹೇಳಿಲ್ಲ. ಬ್ರೇಕ್ ಜಾರಲಿಲ್ಲ. ನೀನು ಕೈ ಎತ್ತಿದ್ದು ನನಗೆ ಕಾಣಿಸಿತ್ತು. ಚೆನ್ನಾಗಿ ಕಾಣಿಸಿತ್ತು. ಆದರೆ ಆಗ ನನ್ನ ಎದೆಯ ಮೇಲೆ ಯಾರೋ ಒದ್ದೆ ಮರಳಿನ ಮೂಟೆ ಇಟ್ಟ ಹಾಗಿತ್ತು. ಬಾಯಿ ತೆರೆದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು ಮೇಲಕ್ಕೆ ಎದ್ದು ಗಾಳಿ ಹುಡುಕುತ್ತಿದ್ದೆ. ಇಳಿಸುವ ಹಿಡಿಕೆ ನನ್ನ ಮೊಣಕಾಲಿಗೆ ಒತ್ತಿಕೊಂಡು ಸರಕು ಇಳಿಯುತ್ತಲೇ ಇತ್ತು. ಬಣ್ಣ ಬಳಿಯುವ, ಕೆಂಪು ತಲೆಬಟ್ಟೆಯ ಆ ಹೆಂಗಸನ್ನೂ ನೋಡಿದೆ. ನೋಡುತ್ತಾ ನನ್ನ ಉಸಿರನ್ನೇ ಯೋಚಿಸಿದೆ, ಅವಳನ್ನಲ್ಲ.

ಇಳಿದು ಬಂದ ಮೇಲೆ ಬಾಯಿಗೆ ಮೊದಲು ಬಂದದ್ದು ಬ್ರೇಕ್. ಒಂದು ಸಲ ಅಂದ ಮೇಲೆ ಅದನ್ನೇ ಹಿಡಿದು ಕೂತೆ.

ಇಷ್ಟು ಬರೆದೆ ಎಂದು ನಿನ್ನ ಮೇಲಿನ ಸಿಟ್ಟು ಹೋಯಿತು ಅಂದುಕೊಳ್ಳಬೇಡ. ಆಸ್ಪತ್ರೆಯ ಬಾಗಿಲಿಗೆ ಬಂದು ಏನೂ ಆಗಬೇಕಿಲ್ಲ ಅಂದೆಯಂತೆ. ಅದಕ್ಕೆ ನಿನ್ನ ಕೆನ್ನೆಗೆ ಬಾರಿಸಬೇಕು.

ಆ ಮೆಕ್ಯಾನಿಕ್ ಕೆಲಸಕ್ಕೆ ವಾಪಸು ಬಂದನೋ?

ಹದ್ದು


ಮೇ ೧೫

ಹದ್ದೇ,

ನಿನ್ನ ಕಾಗದ ಓದಿ ಹೊರಗೆ ಹೋಗಿ ಯಾರ್ಡನ್ನು ಎರಡು ಸುತ್ತು ಹಾಕಿ ಬಂದೆ. ಇಲ್ಲದಿದ್ದರೆ ಎದುರಿಗೆ ಬಂದ ಯಾರಿಗಾದರೂ ಹೊಡೆಯುತ್ತಿದ್ದೆ.

ಅವನು ವಾಪಸು ಬಂದಿಲ್ಲ. ಹೇಗೆ ಬರುತ್ತಾನೆ? ಜೂನ್ ಮೂರಕ್ಕೆ ವಿಚಾರಣೆ. ನಾನು ಸಾಕ್ಷಿ ಹೇಳುತ್ತೇನೆ ಎಂದರೆ, 'ನೀನು ಕೆಳಗಿದ್ದವನು, ಕ್ಯಾಬಿನ್ ಒಳಗೆ ಏನಾಯ್ತು ಅಂತ ನಿನಗೆ ಹೇಗೆ ಗೊತ್ತು?' ಅನ್ನುತ್ತಾರೆ. ಮಾರ್ಚಿನಲ್ಲಿ ನೀನು ನನಗೆ ಬರೆದ ಮಾತೇ ಅದು. ಒಳಗೆ ಇದ್ದವನು ನೀನೊಬ್ಬನೇ. ಗೊತ್ತಿರುವುದನ್ನು ನನಗೆ ಬರೆದು ಎದೆ ಹಗುರ ಮಾಡಿಕೊಂಡರೆ ಅವನ ಹೆಗಲಿನಿಂದ ಏನು ಇಳಿಯಿತು? ನಾನೇನು ಕಸದ ಬುಟ್ಟಿಯೇ?

ನಾನೂ ದೊಡ್ಡ ಮನುಷ್ಯನಲ್ಲ. ಜನವರಿಯಿಂದ ಫೆಬ್ರವರಿ ಹದಿನೆಂಟರವರೆಗೆ ಪ್ರತಿ ದಿನ ನಿನ್ನನ್ನು ಹತ್ತಲು ಬಿಟ್ಟವನು ನಾನು. ಏಣಿಯ ಬುಡದಲ್ಲಿ ನಿಂತು ನೀನು ಉಸಿರಿಗಾಗಿ ಎಷ್ಟು ಕಡೆ ನಿಂತೆ ಎಂದು ಎಣಿಸುತ್ತಿದ್ದೆ. ಮೊದಲ ವಾರ ಎರಡು ಕಡೆ, ಕೊನೆಯ ವಾರ ಒಂಬತ್ತು ಕಡೆ. ಗೊತ್ತಿದ್ದೂ ನಿನ್ನ ಸರಕಿನ ಕೆಳಗೆ ಜನರನ್ನು ಓಡಾಡಲು ಬಿಟ್ಟೆ. ನಿನ್ನ ಜೊತೆ ಜಗಳವಾದೀತು ಎಂಬ ಹೆದರಿಕೆಗೆ. ಆ ಹೆಂಗಸು ಸತ್ತಿದ್ದರೆ ಅರ್ಧ ಕೊಂದವನು ನಾನೇ. ಅಷ್ಟು ದಿನ ಹೇಡಿಯಾಗಿದ್ದು ಒಂದು ದಿನ ಸರಿಯಾದದ್ದು ಮಾಡಿದೆ. ನೀನು ಬೈದದ್ದು ಆ ಒಂದು ದಿನಕ್ಕೆ.

ಮೂರನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ, ಮುಖ್ಯ ಆಫೀಸಿನ ಮೂರನೇ ಮಹಡಿ. ಹೋಗದಿದ್ದರೆ ನನಗೆ ಮತ್ತೆ ಕಾಗದ ಹಾಕಬೇಡ. ಈ ಸಲ ನಿಜವಾಗಿ ಒಲೆಗೆ ಹೋಗುತ್ತದೆ.

ಗಿಡ್ಡ


ಜೂನ್ ೫

ಗಿಡ್ಡಾ,

ಹೋಗಿದ್ದೆ.

ಇವಳೂ ಬಂದಳು. ನಿನ್ನ ಕಾಗದ ಬಂದ ದಿನ ನಾನೇ ಅವಳ ಕೈಗೆ ಕೊಟ್ಟು ಓದು ಅಂದಿದ್ದೆ. ಓದಿ ಮಡಚಿಟ್ಟು, 'ಇನ್ನೊಬ್ಬಳ ಮನೆಯಲ್ಲೂ ಗಂಡ ಕೆಲಸವಿಲ್ಲದೆ ಕುರ್ಚಿಯಲ್ಲಿ ಕೂತಿದಾನೆ ಹಾಗಾದ್ರೆ' ಅಂದಳು. ಅಂದವಳು ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಳು.

ಮುಖ್ಯ ಆಫೀಸಿನಲ್ಲಿ ಲಿಫ್ಟ್ ಇದೆ, ದೊಡ್ಡ ಸಾಹೇಬರಿಗೆ ಮಾತ್ರ ಅಂತೆ. ಮೆಟ್ಟಿಲೇ ಗತಿ. ಮೂರು ಮಹಡಿಗೆ ಮುಕ್ಕಾಲು ಗಂಟೆ. ಪ್ರತಿ ತಿರುವಿನಲ್ಲೂ ಇವಳು ಕೈಚೀಲದಿಂದ ಮಡಚುವ ಸ್ಟೂಲು ತೆಗೆದು ಇಡುತ್ತಿದ್ದಳು.

ಒಳಗೆ ಉದ್ದನೆಯ ಮೇಜಿನ ಆ ಕಡೆ ಮೂವರು. ಗೋಡೆಯ ಪಕ್ಕ ಆ ಮೆಕ್ಯಾನಿಕ್, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಿದ್ದ. ತುಂಬ ಇಳಿದು ಹೋಗಿದ್ದಾನೆ. ನನ್ನನ್ನು ನೋಡಿ ಫೈಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ, ಇನ್ನೇನು ಹೊಸ ಸುಳ್ಳು ಹೇಳಲು ಬಂದನೋ ಎಂಬಂತೆ.

ಹೇಳಿದೆ. ನಿನಗೆ ಬರೆದದ್ದನ್ನೇ ಹೇಳಿದೆ. ನಡುನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ಬ್ರೇಕ್ ಸರಿಯಿತ್ತು ಎಂಬುದನ್ನು ಎರಡು ಸಲ ಹೇಳಿದೆ. ಸೇಫ್ಟಿ ಆಫೀಸರು, 'ಇದರಿಂದ ನಿಮ್ಮ ಮೇಲೆ ಕ್ರಮ ಆಗಬಹುದು, ಲೈಸೆನ್ಸ್ ಖಾಯಂ ಆಗಿ ಹೋಗುತ್ತೆ. ಯೋಚನೆ ಮಾಡಿ ಹೇಳ್ತಿದೀರಾ?' ಅಂದ.

'ಯೋಚನೆ ಮಾಡಿದ್ದಕ್ಕೇ ಸಾರ್ ಇಷ್ಟು ತಡವಾಗಿದ್ದು' ಅಂದೆ.

ನಿನ್ನ ದೂರಿನಲ್ಲಿ ಇದೇ ಬರೆದಿತ್ತಲ್ಲ, ಓದಿದವರು ಯಾಕೆ ಈ ಮೆಕ್ಯಾನಿಕ್ಕನ್ನು ಮನೆಯಲ್ಲಿ ಕೂರಿಸಿದಿರಿ ಎಂದು ಇವಳು ಹಿಂದಿನಿಂದ ಕೇಳಿದಳು. ನಿಮಗೆ ಮಾತಾಡಲು ಅವಕಾಶವಿಲ್ಲ ಅಂದರು. 'ಅವಕಾಶ ಕೊಟ್ಟವರೆಲ್ಲ ಸುಳ್ಳು ಹೇಳಿದ್ರಲ್ಲ, ಅದಕ್ಕೇ ಕೇಳಿದೆ' ಅಂದಳು. ಮೂವರೂ ಮುಂದಿದ್ದ ಕಾಗದ ನೋಡಿಕೊಂಡರು. ಮಧ್ಯಾಹ್ನದೊಳಗೆ ಅವನ ಸಸ್ಪೆನ್ಷನ್ ರದ್ದಾಯಿತು. ನನ್ನ ವಿಚಾರಣೆ ಇನ್ನೊಂದು ತಾರೀಕಿಗೆ ಇಟ್ಟಿದ್ದಾರೆ.

ಹೊರಗೆ ಕಾರಿಡಾರಿನಲ್ಲಿ ಅವನ ಎದುರು ನಿಂತೆ. ತಪ್ಪಾಯಿತು ಅಂದೆ.

ಅವನು ಕೂಗಾಡಲಿಲ್ಲ. 'ನೂರ ನಾಲ್ಕು ದಿನ' ಅಂದ. 'ದಿನಾ ಆ ಬ್ರೇಕನ್ನ ಮನಸ್ಸಲ್ಲೇ ಬಿಚ್ತಿದ್ದೆ, ಜೋಡಿಸ್ತಿದ್ದೆ. ಯಾವ ಬೋಲ್ಟ್ ಬಿಟ್ಟೆ ಅಂತ ಹುಡುಕ್ತಿದ್ದೆ. ಬಿಟ್ಟಿರಲಿಲ್ಲ. ಆದ್ರೂ ಹುಡುಕ್ತಿದ್ದೆ. ನನ್ನ ಕೈನ ನಾನೇ ನಂಬದ ಹಾಗೆ ಮಾಡಿದ್ರಿ. ಈಗ ತಪ್ಪಾಯ್ತು ಅಂದ್ರೆ ಅದನ್ನ ತಗೊಂಡು ನಾನೇನ್ ಮಾಡ್ಲಿ?'

ಕೈ ಚಾಚಿದೆ, ಅವನು ಹಿಡಿಯಲಿಲ್ಲ.

ಇವಳು ಆಟೋ ಕರೆಯಲು ಮುಂದೆ ಹೋದಳು. ನಾನು ಕಂಬಿ ಹಿಡಿದು ಇಳಿಯುತ್ತಿದ್ದೆ. ಎರಡನೇ ಮಹಡಿಯ ತಿರುವಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡಿತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹಿಂದಿನಿಂದ ಬೂಟಿನ ಸದ್ದು ಬಂತು. ಅವನೇ. ನನ್ನನ್ನು ದಾಟಿ ನಾಲ್ಕು ಮೆಟ್ಟಿಲು ಇಳಿದ. ನಿಂತ. ಆಮೇಲೆ ವಾಪಸು ಹತ್ತಿ ಬಂದು ನನಗಿಂತ ಎರಡು ಮೆಟ್ಟಿಲು ಮೇಲೆ ಕೂತ. ನನ್ನ ಕಡೆ ನೋಡಲಿಲ್ಲ. ಫೈಲನ್ನು ಪಕ್ಕದಲ್ಲಿಟ್ಟು ಗೋಡೆ ನೋಡುತ್ತಾ ಕೂತ. ಜನ ಹತ್ತಿದರು, ಇಳಿದರು. ಹತ್ತು ನಿಮಿಷವಾದರೂ ಆಗಿರಬೇಕು. ನನ್ನ ಉಸಿರು ಒಂದು ಹದಕ್ಕೆ ಬಂದ ಮೇಲೆ ಎದ್ದು ಪ್ಯಾಂಟು ಕೊಡವಿಕೊಂಡ.

'ಮಲಗೋವಾಗ ಬೆನ್ನಿಗೆ ದಿಂಬು ಎತ್ತರ ಇಟ್ಕೊಳ್ಳಿ' ಅಂದ. 'ನಮ್ಮಪ್ಪಂಗೂ ಇದೇ ಇತ್ತು.'

ಕ್ಷಮಿಸಿದವನ ದನಿ ಅಲ್ಲ ಅದು, ಗಿಡ್ಡಾ. ಹಲ್ಲು ಕಚ್ಚಿಕೊಂಡೇ ಹೇಳಿದ. ಹೇಳಿ, ತಿರುಗಿ ನೋಡದೆ ಇಳಿದು ಹೋದ.

ಭಾನುವಾರ ಬಾ. ನಿನ್ನನ್ನು ಬೈಯುವುದು ಇನ್ನೂ ಮುಗಿದಿಲ್ಲ.

ಹದ್ದು